ಕನ್ನಡ ಬಲ್ಲ ಇನ್ನೊಬ್ಬ

ಡಯಾಲಿಸಿಸ್ ವಿಭಾಗ ಮುಚ್ಚುವ ಸುದ್ದಿ ಟಿವಿಯಲ್ಲಿ ಬಂದ ಮರುದಿನ ಆಸ್ಪತ್ರೆಯಲ್ಲಿ ಯಾರೂ ಯಾರ ಮುಖವನ್ನೂ ನೆಟ್ಟಗೆ ನೋಡಲಿಲ್ಲ. ಎಲಿವೇಟರ್‌ನಲ್ಲಿ ನಿಂತವರೆಲ್ಲ ಮಹಡಿಯ ಅಂಕಿಯನ್ನೇ ದಿಟ್ಟಿಸುತ್ತಿದ್ದರು. ಪ್ರಿಂಟರ್‌ಗೆ ಕಾಗದ ಕಳಿಸಿದವರು ಅದು ಹೊರಬರುವ ಮುಂಚೆಯೇ ಓಡಿಹೋಗಿ ಪಕ್ಕದಲ್ಲಿ ಕಾವಲು ನಿಲ್ಲುತ್ತಿದ್ದರು. ಸದಾ ತೆರೆದಿರುತ್ತಿದ್ದ ಬಾಗಿಲುಗಳೆಲ್ಲ ಒಂದೊಂದಾಗಿ ಮುಚ್ಚಿಕೊಂಡಿದ್ದವು.

ಅಮೆರಿಕದ ಷಾರ್ಲೆಟ್‌ನಿಂದ ದಕ್ಷಿಣಕ್ಕೆ ಗಂಟೆ ದಾರಿ ಹೋದರೆ ಸಿಗುವ ಒಂದು ಸಣ್ಣ ಊರಿನಲ್ಲಿ, ಮಾಜಿ ಸೈನಿಕರಿಗೆಂದೇ ಇರುವ ಸರ್ಕಾರಿ ಆಸ್ಪತ್ರೆ ಅದು. ಊರಿನ ಹೆಸರು ಬೇಡ. ಆ ವರ್ಷ ಆ ಊರು ಟಿವಿಯಲ್ಲಿ ಬಂದದ್ದೇ ಸಾಕು. ೨೦೨೫ರ ಬೇಸಿಗೆ. ವಾಷಿಂಗ್ಟನ್ನಿನಿಂದ ಬೆಳಿಗ್ಗೆ ಬಂದ ಆದೇಶವನ್ನು ಸಂಜೆಯ ಆದೇಶ ನುಂಗಿಹಾಕುತ್ತಿದ್ದ ಕಾಲ. ಯಾರ ಕೆಲಸ ಉಳಿಯುತ್ತದೆ, ಯಾವ ವಿಭಾಗ ಹೋಗುತ್ತದೆ, ಅಟ್ಲಾಂಟಾದ ಪ್ರಾದೇಶಿಕ ಕಚೇರಿಯೇ ಇರುತ್ತದೋ ಇಲ್ಲವೋ, ಒಂದೂ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದವರೇ ಎಲ್ಲಕ್ಕಿಂತ ಹೆಚ್ಚು ಮಾತಾಡುತ್ತಿದ್ದರು.

ಹರಿಣಿ ಅಲ್ಲಿ ಅಸೋಸಿಯೇಟ್ ಡೈರೆಕ್ಟರ್. ಮೈಸೂರಿನ ಸರಸ್ವತಿಪುರಂನವಳು, ಐವತ್ತು ದಾಟಿದವಳು. ಕಟ್ಟಡ, ಬಜೆಟ್, ಗುತ್ತಿಗೆ, ಪಾರ್ಕಿಂಗ್, ಕಸ ಎಂದು ಡಾಕ್ಟರುಗಳು ಮುಟ್ಟದ ಕೆಲಸವೆಲ್ಲ ಅವಳ ತಲೆಗೆ. ಅದನ್ನು ಅಚ್ಚುಕಟ್ಟಾಗಿಯೇ ಮಾಡುತ್ತಿದ್ದಳು, ಅದರಲ್ಲಿ ಎರಡು ಮಾತಿಲ್ಲ. ಅವಳ ಗಂಟಲು ಮಾತ್ರ ದೊಡ್ಡದು. ಆ ಮನೆಯವರೆಲ್ಲರದೂ ಹಾಗೆಯೇ. ಅವರಪ್ಪ ಪಾಠ ಮಾಡಿದರೆ ಪಕ್ಕದ ಕ್ಲಾಸಿನ ಮಕ್ಕಳೂ ಪಾಸಾಗುತ್ತಿದ್ದರು.

ಡೈರೆಕ್ಟರ್ ವಿಟ್ಲಾಕ್ ಅವಳನ್ನು ಕರೆಸಿ ಬಾಗಿಲು ಹಾಕಿದಳು. ವಿಟ್ಲಾಕ್ ಸೈನ್ಯದಲ್ಲಿ ಕರ್ನಲ್ ಆಗಿ ನಿವೃತ್ತಳಾದವಳು, ಕುರ್ಚಿಯಲ್ಲಿ ಕೂತರೂ ನಿಂತಂತೆಯೇ ಕಾಣುವ ಹೆಂಗಸು.

"ಒಳಗಿನ ಸುದ್ದಿ ಟಿವಿಗೆ ಹೋದದ್ದು ಇದು ಮೂರನೇ ಸಲ," ಎಂದಳು. "ಫಾರ್ಮಸಿ ಕಿಟಕಿ ಮುಚ್ಚುವುದು, ಕಣ್ಣಿನ ಡಾಕ್ಟರ್ ಬಿಟ್ಟು ಹೋದದ್ದು, ಈಗ ಇದು. ಮೀಟಿಂಗ್ ಕೋಣೆಯಲ್ಲಿದ್ದ ಐದು ಜನಕ್ಕೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಅಟ್ಲಾಂಟಾದವರಿಗೆ ಒಂದು ಹೆಸರು ಬೇಕಂತೆ. ನಾವು ಕೊಡದಿದ್ದರೆ ಅವರೇ ಬಂದು ಹುಡುಕುತ್ತಾರೆ. ಅವರು ಬಂದರೆ ನಾನೂ ಉಳಿಯುವುದಿಲ್ಲ, ನೀನೂ ಉಳಿಯುವುದಿಲ್ಲ."

"ನಾನು ಹುಡುಕುತ್ತೇನೆ," ಎಂದಳು ಹರಿಣಿ.

ಹುಡುಕುವುದು ಅವಳಿಗೆ ಸ್ವಲ್ಪ ಇಷ್ಟವೂ ಆಯಿತೆಂದು ಹೇಳಲೇಬೇಕು. ಮೀಟಿಂಗ್‌ಗಳಲ್ಲಿ ಎಲ್ಲರ ಫೋನನ್ನೂ ಒಂದು ಬುಟ್ಟಿಗೆ ಹಾಕಿಸಿ ಹೊರಗಿಡಿಸಿದಳು. ಐದು ಜನದಲ್ಲಿ ತನ್ನನ್ನೂ ಡೈರೆಕ್ಟರನ್ನೂ ಬಿಟ್ಟರೆ ಉಳಿದವರು ಮೂವರು. ನೌಕರರ ವಿಭಾಗದ ಮುಖ್ಯಸ್ಥ ಈಚೆಗೆ ಅತಿಯಾಗಿ ನಗುತ್ತಿದ್ದ. ಮುಖ್ಯ ವೈದ್ಯರು ಮಧ್ಯಾಹ್ನದ ಊಟವನ್ನು ಕಾರಿನಲ್ಲಿ ಕೂತು ಮಾಡುತ್ತಿದ್ದರು, ಯಾರೊಡನೆ ಮಾತಾಡುತ್ತಾ? ಹಿರಿಯ ನರ್ಸ್ ಯಾರನ್ನು ಕಂಡರೂ "ನಿಮಗೆ ಏನಾದರೂ ಗೊತ್ತಾಯಿತಾ" ಎಂದು ಕೇಳುತ್ತಿದ್ದಳು. ಹೀಗೆ ನೋಡುತ್ತಾ ಹೋದರೆ ಯಾರು ತಾನೇ ಸಾಚಾ? ಒಂದು ವಾರ ಹರಿಣಿ ಮೂವರನ್ನೂ ಕಣ್ಣಲ್ಲಿ ಕಣ್ಣಿಟ್ಟು ಕಾದಳು. ತಲೆನೋವು ಬಿಟ್ಟರೆ ಏನೂ ಸಿಗಲಿಲ್ಲ.

ಕೊನೆಗೆ ಟಿವಿಯ ಆ ತುಣುಕನ್ನೇ ಮತ್ತೆ ಹಾಕಿ ನೋಡಿದಳು. "ಸೆಪ್ಟೆಂಬರ್‌ನಿಂದ ಡಯಾಲಿಸಿಸ್ ಬಂದ್," ಎಂದಳು ವರದಿಗಾರ್ತಿ. ಹರಿಣಿ ತುಣುಕನ್ನು ಅಲ್ಲೇ ನಿಲ್ಲಿಸಿದಳು.

ಸೆಪ್ಟೆಂಬರ್ ಎಂದು ಯಾರೂ ಅಂದುಕೊಂಡಿರಲೇ ಇಲ್ಲ. ಮೀಟಿಂಗ್‌ನಲ್ಲಿ ತೀರ್ಮಾನವಾದದ್ದು ನವೆಂಬರ್ ಕೊನೆಗೆ ಎಂದು. ಸೆಪ್ಟೆಂಬರ್ ಅಂದದ್ದು ಇಡೀ ಭೂಮಿಯ ಮೇಲೆ ಒಬ್ಬಳೇ, ಅದೂ ತಪ್ಪಿ. ಪಾರ್ಕಿಂಗ್ ಡೆಕ್ ರಿಪೇರಿಯ ತಿಂಗಳನ್ನು ಡಯಾಲಿಸಿಸ್‌ಗೆ ಅಂಟಿಸಿ ಅವಳು ಹೇಳಿಬಿಟ್ಟಿದ್ದಳು, ಅಕ್ಕನ ಹತ್ತಿರ.

ಅಕ್ಕ ವಸಂತಾ ಇರುವುದು ವಾಷಿಂಗ್ಟನ್ ಹತ್ತಿರದ ಫೇರ್‌ಫ್ಯಾಕ್ಸ್‌ನಲ್ಲಿ. ಬೆಳಿಗ್ಗೆ ಕಾರು ಹತ್ತುತ್ತಲೇ ಹರಿಣಿ ಅವಳಿಗೆ ಫೋನ್ ಹಚ್ಚುತ್ತಿದ್ದಳು. ಆಸ್ಪತ್ರೆ ತಲುಪಿದ ಮೇಲೆ ಇಯರ್‌ಬಡ್ ಸಿಕ್ಕಿಸಿಕೊಂಡು ಪಾರ್ಕಿಂಗ್‌ನಿಂದ ಲಾಬಿ, ಲಾಬಿಯಿಂದ ಕಾಫಿ ಮೂಲೆ, ಅಲ್ಲಿಂದ ಎಲಿವೇಟರ್‌ವರೆಗೂ ಅದೇ ಮಾತು. ಕಾಫಿಯ ಸಾಲಿನಲ್ಲಿ ನಿಂತು ಅಂದು ಅವಳು ಹೇಳಿದ್ದು ಅವಳಿಗೆ ಚೆನ್ನಾಗಿ ನೆನಪಿತ್ತು:

"ಅಕ್ಕಾ, ಕೇಳಿಸ್ಕೋ. ನಮ್ ಡಯಾಲಿಸಿಸ್ ಯೂನಿಟ್ ಕ್ಲೋಸ್ ಮಾಡ್ತಾರಂತೆ. ಸೆಪ್ಟೆಂಬರಲ್ಲೇ. ಪೇಷಂಟ್ಸ್‌ನೆಲ್ಲ ಪ್ರೈವೇಟ್ ಕ್ಲಿನಿಕ್‌ಗೆ ಶಿಫ್ಟ್ ಮಾಡಿಬಿಡ್ತಾರಂತೆ. ಪಾಪ ಕಣೇ. ಯಾರ್ ಹತ್ರಾನೂ ಬಾಯಿ ಬಿಡ್ಬೇಡ ಮತ್ತೆ, ಟಾಪ್ ಸೀಕ್ರೆಟ್."

ಕನ್ನಡದಲ್ಲಿ ಆಡಿದ ಮಾತು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ ಹಾಗೆ ಎಂಬ ಧೈರ್ಯ ಅಮೆರಿಕದ ನಮ್ಮವರಿಗೆಲ್ಲ ಇದೆ. ಅಂಗಡಿಯಲ್ಲಿ ಕ್ಯಾಷಿಯರ್‌ನ ಎದುರಿಗೇ ಅವನ ಮೂಗನ್ನು ಆಡಿಕೊಳ್ಳುವುದು ಇದೇ ಧೈರ್ಯದ ಮೇಲೆ. ಹಾಗಾದರೆ ಮಾತು ಸೋರಿದ್ದು ಅಕ್ಕನ ಕಡೆಯಿಂದಲೇ ಎಂದು ಹರಿಣಿ ತೀರ್ಮಾನಿಸಿದಳು. ಭಾವ ಸೂರ್ಯನಾರಾಯಣ ಸರ್ಕಾರಿ ಕಾಂಟ್ರಾಕ್ಟ್ ಕಂಪನಿಯವರು. ಶನಿವಾರ ಗೆಳೆಯರು ಸೇರಿದರೆ ಅವರ ಬಾಯಿಗೆ ಬಾಗಿಲೇ ಇರುವುದಿಲ್ಲ. ಅವಳು ಅಂದೇ ಅಕ್ಕನಿಗೆ ಫೋನ್ ಮಾಡಿದಳು.

"ಏನೇ ಇದು?" ವಸಂತಾ ಕೂಗಿದಳು. "ನಿಮ್ ಭಾವ ಟಿವಿಯೋರಿಗೆ ಫೋನ್ ಮಾಡಿದ್ರು ಅಂತೀಯಾ? ನೀನು ಯಾವ ಊರಲ್ಲಿ ಕೆಲ್ಸ ಮಾಡ್ತೀಯ ಅನ್ನೋದೇ ಅವರಿಗೆ ನೆಟ್ಟಗೆ ಗೊತ್ತಿಲ್ಲ. ಮೊನ್ನೆ ಕೂಡ ಯಾರಿಗೋ ಅಟ್ಲಾಂಟಾ ಅಂದ್ರು."

"ಮತ್ತೆ ನಾನು ನಿನಗೆ ಹೇಳಿದ್ದು ಹೊರಗ್ ಹೋಗಿದ್ದು ಹೇಗೆ?"

"ನನ್ ಕೇಳಿದ್ರೆ? ನೀನು ಫೋನಲ್ಲಿದ್ದಾಗ ಹಿಂದೆ ಸಂತೆ ಗದ್ದಲ ಕೇಳಿಸ್ತಿರತ್ತೆ. ಸುತ್ತ ಯಾರಿರ್ತಾರೋ ಏನೋ."

"ಇದ್ರೆ ಏನಂತೆ? ಅವ್ರಿಗೆಲ್ಲಾ ಕನ್ನಡ ಬರತ್ತಾ?"

"ಒಬ್ರಿಗೂ ಬರಲ್ವಾ? ಯೋಚ್ನೆ ಮಾಡು. ಆಮೇಲೆ ನಿಮ್ ಭಾವನಿಗೆ ಸಾರಿ ಹೇಳೋಕೆ ಫೋನ್ ಮಾಡು. ಅಲ್ಲೀವರ್ಗೂ ಮಾಡ್ಬೇಡ." ಅಕ್ಕ ಫೋನ್ ಇಟ್ಟಳು.

ಹರಿಣಿ ಯೋಚಿಸಿದಳು. ಯೋಚಿಸಲು ಹೆಚ್ಚು ಹೊತ್ತೇನೂ ಬೇಕಾಗಲಿಲ್ಲ. ಆ ಇಡೀ ಆಸ್ಪತ್ರೆಯಲ್ಲಿ ತನ್ನನ್ನು ಬಿಟ್ಟರೆ ಕನ್ನಡ ಬಲ್ಲವನು ಒಬ್ಬನೇ. ಶರಣ್.

ಶರಣ್‌ನನ್ನು ಅಲ್ಲಿಗೆ ತಂದವಳೂ ಅವಳೇ. ಅವನ ತಂದೆ ತಾರಾನಾಥ ಉಡುಪಿ ಕಡೆಯವರು, ಸ್ಟರ್ಲಿಂಗ್‌ನಲ್ಲಿ ಡೇಟಾ ಸೆಂಟರ್ ಕೆಲಸ. ಶರಣ್ ಬೆಳೆದದ್ದೆಲ್ಲ ಅಮೆರಿಕದಲ್ಲೇ. ಬೆಂಗಳೂರಿನ ನಿಕಿತಾಳನ್ನು ಮದುವೆಯಾಗಿ ಷಾರ್ಲೆಟ್‌ಗೆ ಬಂದ ಹೊಸದರಲ್ಲಿ, ಯುಗಾದಿ ಊಟದ ಪಂಕ್ತಿಯಲ್ಲಿ ಹರಿಣಿಯ ಪಕ್ಕ ಕೂತಿದ್ದ. "ನಮ್ಮಲ್ಲಿ ಬಜೆಟ್ ಅನಲಿಸ್ಟ್ ಬೇಕು, ಅಪ್ಲೈ ಮಾಡು," ಎಂದು ಅವಳೇ ಹೇಳಿದ್ದಳು. ಸೇರಿ ವರ್ಷ ತುಂಬಿರಲಿಲ್ಲ, ಇನ್ನೂ ಪ್ರೊಬೇಷನ್. ನಿಕಿತಾಳ ಗ್ರೀನ್ ಕಾರ್ಡ್ ಅರ್ಜಿ ನಿಂತಿದ್ದುದು ಅವನ ಆ ಕೆಲಸದ ಮೇಲೆಯೇ. ಗಂಡಹೆಂಡಿರಿಬ್ಬರೂ ಅವಳನ್ನು ಆಂಟಿ ಎನ್ನುತ್ತಿದ್ದರು. ಆಸ್ಪತ್ರೆಯೊಳಗೆ ಮಾತ್ರ ಶರಣ್ ಆ ಊರಿನವರ ಹಾಗೆ "ಮಿಸ್ ಹರಿಣಿ" ಎನ್ನುತ್ತಿದ್ದ.

ಒಮ್ಮೆ ಅನುಮಾನ ಹೊಕ್ಕಿತೆಂದರೆ ಎಲ್ಲಕ್ಕೂ ಬೇರೆಯದೇ ಅರ್ಥ ಬರುತ್ತದೆ. ಬೆಳಿಗ್ಗೆ ಕಾಫಿ ಸಾಲಿನಲ್ಲಿ ಅವಳ ಹಿಂದೆ ಇವನಿರುತ್ತಿದ್ದ, ಅದು ನಿಜ ತಾನೇ? ಲಾಬಿಯಲ್ಲಿ ಮುದುಕ ಸೈನಿಕನೊಬ್ಬ ಇವನ ತೋಳು ಹಿಡಿದು ಏನೋ ಪಿಸುಗುಟ್ಟಿದ್ದನ್ನೂ ಇವನು ತಲೆಯಾಡಿಸಿ ಸರಸರನೆ ಸರಿದುಹೋದದ್ದನ್ನೂ ಅವಳು ಕಣ್ಣಾರೆ ಕಂಡಿದ್ದಳು. ಎರಡು ಸಲ ಅವಳ ಕೋಣೆಯ ಬಾಗಿಲ ಹತ್ತಿರ ಸುಳಿದಾಡಿ, ಅವಳು ತಲೆಯೆತ್ತುತ್ತಲೇ ವಾಪಸಾಗಿದ್ದ. ಯಾಕೆ? ಏನು ಕದ್ದು ನೋಡಲು?

ಆದರೂ ಸಾಕ್ಷಿ ಬೇಕಲ್ಲ. ಹರಿಣಿ ಒಂದು ಬಲೆ ಹೂಡಿದಳು. ಮರುದಿನ ಕಾಫಿ ಸಾಲಿನಲ್ಲಿ ಶರಣ್ ಹಿಂದೆ ಬಂದು ನಿಂತದ್ದನ್ನು ಖಚಿತ ಮಾಡಿಕೊಂಡು ಇಯರ್‌ಬಡ್ ಸಿಕ್ಕಿಸಿಕೊಂಡಳು. ಅಕ್ಕ ಫೋನ್ ಎತ್ತುತ್ತಿರಲಿಲ್ಲವಾದ್ದರಿಂದ ಗಾಳಿಯ ಜೊತೆಗೇ ಮಾತಾಡಿದಳು.

"ಅಯ್ಯೋ, ನಿಂಗೊತ್ತಾ ಅಕ್ಕಾ? ಇಲ್ಲಿ ಚಾಪೆಲ್ ಇದ್ಯಲ್ಲ, ಅದನ್ನ ಸ್ಟೋರೇಜ್ ರೂಮ್ ಮಾಡ್ತಾರಂತೆ. ವೀಲ್‌ಚೇರ್ ಎಲ್ಲಾ ಅಲ್ಲೇ ಇಡ್ತಾರಂತೆ. ಡೈರೆಕ್ಟರ್ ಡಿಸೈಡ್ ಮಾಡಿಬಿಟ್ಟಿದಾರೆ."

ಶುದ್ಧ ಸುಳ್ಳು. ಪ್ರಾರ್ಥನಾ ಮಂದಿರವನ್ನು ಯಾರೂ ಮುಟ್ಟುವ ಯೋಚನೆಯಲ್ಲಿರಲಿಲ್ಲ. ಅವಳು ಓರೆಗಣ್ಣಿನಿಂದ ನೋಡಿದಳು. ಶರಣ್ ಕಪ್ಪಿನೊಳಗೆ ಮುಖ ಹುದುಗಿಸಿದ್ದ, ಕಿವಿ ಕೆಂಪಗಾಗಿತ್ತು.

ಎರಡನೇ ದಿನ ಸಂಜೆ ಟಿವಿಯಲ್ಲಿ ಬಂತು: ಸೈನಿಕರ ಪ್ರಾರ್ಥನಾ ಮಂದಿರ ಇನ್ನು ಗೋದಾಮು! ಕೆರೊಲಿನಾದಲ್ಲಿ ಚರ್ಚಿನ ತಂಟೆಗೆ ಹೋದರೆ ಏನಾಗುತ್ತದೆಂದು ಹರಿಣಿ ಮೊದಲೇ ಯೋಚಿಸಬೇಕಿತ್ತು. ಮೂರು ಪಂಗಡದ ಪಾದ್ರಿಗಳು ಒಟ್ಟಾಗಿ ಆಸ್ಪತ್ರೆಯ ಹುಲ್ಲುಹಾಸಿನ ಮೇಲೆ ನಿಂತು ಪ್ರಾರ್ಥನೆ ಮಾಡಿದರು. ಕ್ಯಾಮೆರಾಗಳು ಬಂದವು. ರಾಜಕಾರಣಿಗಳ ಕಚೇರಿಗಳಿಂದ ಫೋನ್ ಬಂತು. ಅಂಥ ಯೋಜನೆಯೇ ಇಲ್ಲ ಎಂದು ವಿಟ್ಲಾಕ್ ಮೈಕಿನ ಮುಂದೆ ಹೇಳಿದಳು, ಒಬ್ಬರೂ ನಂಬಲಿಲ್ಲ.

ಹರಿಣಿಗೆ ಮಾತ್ರ ಒಳಗೊಳಗೇ ಗೆದ್ದ ಸಂತೋಷ. ಡೈರೆಕ್ಟರ್ ಕೋಣೆಗೆ ಹೋಗಿ ಬಾಗಿಲು ಹಾಕಿದಳು.

"ಬಜೆಟ್ ವಿಭಾಗದ ಶರಣ್."

ವಿಟ್ಲಾಕ್ ಪೆನ್ನು ಕೆಳಗಿಟ್ಟಳು. "ನೀನೇ ಶಿಫಾರಸು ಮಾಡಿದ ಹುಡುಗನಲ್ಲವೇ? ಖಚಿತವೇ?"

"ಚಾಪೆಲ್ ಸುದ್ದಿ ನಾನೇ ಕಟ್ಟಿದ್ದು. ಅವನ ಕಿವಿಗೆ ಮಾತ್ರ ಬೀಳುವ ಹಾಗೆ ಮಾಡಿದ್ದೆ."

"ಅವನ ಕಿವಿಗೆ ಮಾತ್ರ?"

"ಅವನ ಕಿವಿಗೆ ಮಾತ್ರ."

ಹೇಗೆ ಎಂದು ವಿಟ್ಲಾಕ್ ಕೇಳಲಿಲ್ಲ. ಕೇಳಿದ್ದರೆ ದಿನಾ ಬೆಳಿಗ್ಗೆ ಆಸ್ಪತ್ರೆಯ ಗುಟ್ಟನ್ನೆಲ್ಲ ತಾನು ಅಕ್ಕನಿಗೆ ಹೇಳುತ್ತಿದ್ದುದನ್ನು ಹರಿಣಿ ಒಪ್ಪಿಕೊಳ್ಳಬೇಕಾಗುತ್ತಿತ್ತು. ಕೇಳಲಿಲ್ಲವಲ್ಲ ಎಂದು ಅವಳು ನಿಟ್ಟುಸಿರುಬಿಟ್ಟಳು.

ಪ್ರೊಬೇಷನ್‌ನಲ್ಲಿರುವವನನ್ನು ತೆಗೆಯಲು ಬಹಳ ಗಲಾಟೆ ಬೇಕಿಲ್ಲ. ಅಟ್ಲಾಂಟಾದ ಅಧಿಕಾರಿ ವಿಡಿಯೊದಲ್ಲಿ ಅವನೊಡನೆ ಅರ್ಧ ಗಂಟೆ ಮಾತಾಡಿದ. ಮಧ್ಯಾಹ್ನದ ಹೊತ್ತಿಗೆ ಶರಣ್ ಒಂದು ರಟ್ಟಿನ ಡಬ್ಬ ಹಿಡಿದು ಇಬ್ಬರು ಸೆಕ್ಯುರಿಟಿಯವರ ನಡುವೆ ಕಾರಿಡಾರ್‌ನಲ್ಲಿ ನಡೆದುಹೋದ. ಜನ ಬಾಗಿಲುಗಳಿಂದ ಇಣುಕಿದರು. ಹರಿಣಿ ಕಿಟಕಿಯ ಕಡೆ ತಿರುಗಿ ನಿಂತಳು. ನಂಬಿಸಿ ಕತ್ತು ಕೊಯ್ದನಲ್ಲ ಎಂದು ಅವಳಿಗೆ ನಿಜಕ್ಕೂ ದುಃಖವಾಗಿತ್ತು. ಆ ದುಃಖದಲ್ಲಿ ಮೋಸವಿರಲಿಲ್ಲ.

ಇನ್ನು ನೆಮ್ಮದಿ ಎಂದುಕೊಂಡಳು. ಅಕ್ಕನ ಜೊತೆ ಮಾತು ನಿಂತಿದ್ದರಿಂದ ಈಗ ಬೆಳಿಗ್ಗೆ ಮೌನವಾಗಿ ಲಾಬಿ ದಾಟುತ್ತಿದ್ದಳು. ಕಾಫಿ ಮೂಲೆಯಲ್ಲಿ ಎಂದಿನಂತೆ ಮುದುಕರ ಗುಂಪು. ತಲೆಯ ಮೇಲೆ ತಮ್ಮ ತಮ್ಮ ಪಡೆಯ, ಹಡಗಿನ ಹೆಸರಿನ ಟೋಪಿ. ಅಪಾಯಿಂಟ್‌ಮೆಂಟ್ ಹತ್ತು ಗಂಟೆಗಿದ್ದರೂ ಏಳಕ್ಕೇ ಬಂದು ಕೂರುವವರು. ಅವರಲ್ಲೊಬ್ಬ, ಓಡೆಲ್ ಗ್ರಿಯರ್ ಎಂಬ ವಿಯೆಟ್ನಾಂ ಯುದ್ಧದವನು, ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಬರುತ್ತಿದ್ದ. ಶರಣ್‌ನ ತೋಳು ಹಿಡಿದು ಪಿಸುಗುಟ್ಟಿದ್ದವನು ಇವನೇ. ಆ ಬೆಳಿಗ್ಗೆ ಅವನು ಹರಿಣಿಯ ತೋಳು ಹಿಡಿದ.

"ಮಿಸ್ ಹರಿಣಿ, ವಾರದಿಂದ ನಿಮ್ಮ ದನಿಯೇ ಇಲ್ಲ," ಎಂದ ತಗ್ಗಿದ ಗಂಟಲಲ್ಲಿ. "ಅವರಿಗೆ ನಿಮ್ಮ ಮೇಲೆ ಅನುಮಾನ ಬಂತೇ?"

"ಯಾರಿಗೆ? ಯಾತರ ಅನುಮಾನ?"

ಮುದುಕ ಎಡಕ್ಕೂ ಬಲಕ್ಕೂ ನೋಡಿ ಇನ್ನೂ ಹತ್ತಿರ ಸರಿದ. "ನಮ್ಮ ಕಡೆಯಿಂದ ನಿಮ್ಮ ಹೆಸರು ಎಂದೂ ಹೊರಗೆ ಬರುವುದಿಲ್ಲ. ನಾವು ಇಲ್ಲಿ ಕೂರುವ ಎಲ್ಲರೂ ಮಾತು ಕೊಟ್ಟುಕೊಂಡಿದ್ದೇವೆ. ನೀವು ದಿನಾ ಇಲ್ಲಿ ನಿಂತು, ನಿಮ್ಮ ಭಾಷೆಯ ನಡುನಡುವೆ ನಮಗೆ ಬೇಕಾದ ಮಾತು ಸೇರಿಸಿ, ಗಟ್ಟಿಯಾಗಿ ಹೇಳಿ ಹೋಗುತ್ತಿದ್ದಿರಿ. ಅಷ್ಟು ದೊಡ್ಡ ಹುದ್ದೆಯಲ್ಲಿದ್ದೂ ನಮಗೋಸ್ಕರ ಆ ಅಪಾಯ ಮೈಮೇಲೆ ಎಳೆದುಕೊಂಡಿರಿ. ಡಯಾಲಿಸಿಸ್ ಯೂನಿಟ್, ಕ್ಲೋಸ್, ಸೆಪ್ಟೆಂಬರ್, ಪ್ರೈವೇಟ್ ಕ್ಲಿನಿಕ್. ಅದಕ್ಕಿಂತ ಸ್ಪಷ್ಟವಾಗಿ ಇನ್ನು ಹೇಗೆ ಹೇಳಬೇಕು? ಟಾಪ್ ಸೀಕ್ರೆಟ್ ಎಂದೂ ಎಚ್ಚರಿಸಿದಿರಿ."

ಹರಿಣಿ ಆ ಗುಂಪಿನ ಕಡೆ ತಿರುಗಿದಳು. "ಚಾಪೆಲ್..."

"ಚಾಪೆಲ್, ಸ್ಟೋರೇಜ್ ರೂಮ್, ವೀಲ್‌ಚೇರ್, ಡೈರೆಕ್ಟರ್. ನಾವು ನಾಲ್ವರೂ ಕೇಳಿದ್ದನ್ನು ಸೇರಿಸಿ ನೋಡಿದೆವು, ಎಲ್ಲರದೂ ತಾಳೆಯಾಯಿತು. ಇವರ ಮಗಳು ಟಿವಿಯಲ್ಲಿದ್ದಾಳೆ." ಅವನು ಪಕ್ಕದವನತ್ತ ಗಲ್ಲ ಚಾಚಿದ. ಪಕ್ಕದವನು ಟೋಪಿ ಎತ್ತಿ ನಮಸ್ಕರಿಸಿದ. ಆಚೆಯವರಿಬ್ಬರೂ ಎತ್ತಿದರು. ಓಡೆಲ್‌ನ ಕಣ್ಣು ಒದ್ದೆಯಾಗಿತ್ತು. "ನನಗೆ ಬೇರೆ ಕ್ಲಿನಿಕ್ ಎಂದರೆ ಅರವತ್ತು ಮೈಲಿ. ನೀವು ಹೇಳದಿದ್ದರೆ ನಮಗೆ ಹೋರಾಡಲು ಸಮಯವೇ ಇರುತ್ತಿರಲಿಲ್ಲ. ದೇವರು ನಿಮ್ಮನ್ನು ಚೆನ್ನಾಗಿಡಲಿ."

ಹರಿಣಿ ಕಾಫಿ ಕೊಳ್ಳದೆ ತಿರುಗಿದಳು. ಮೂವತ್ತು ವರ್ಷ ಈ ದೇಶದಲ್ಲಿ ಬೀಗ ಹಾಕಿದ ಪೆಟ್ಟಿಗೆ ಎಂದುಕೊಂಡದ್ದಕ್ಕೆ ಮುಚ್ಚಳವೇ ಇರಲಿಲ್ಲ. ಯಾರಿಂದ ಮುಚ್ಚಿಡಬೇಕಿತ್ತೋ ಆ ಮಾತೆಲ್ಲ ಅವರದೇ ಭಾಷೆಯಲ್ಲಿತ್ತು; ಕನ್ನಡದಲ್ಲಿ ಉಳಿದಿದ್ದದ್ದು ಬರೀ ಅಯ್ಯೋ, ಪಾಪ, ಮಾಡ್ತಾರಂತೆ.

ನೆಟ್ಟಗೆ ವಿಟ್ಲಾಕ್‌ಳ ಕೋಣೆಗೆ ಹೋದಳು. ನಿಂತೇ ಎಲ್ಲವನ್ನೂ ಹೇಳಿದಳು. ವಿಟ್ಲಾಕ್ ಪೆನ್ನಿನ ಮುಚ್ಚಳ ಹಾಕಿ ತೆಗೆದು ಹಾಕಿ ತೆಗೆದು ಮಾಡುತ್ತಾ ಕೇಳಿದಳು.

"ಹರಿಣಿ, ನೀನು ನಿನ್ನ ಅಕ್ಕನ ಜೊತೆ ಪರಭಾಷೆಯಲ್ಲಿ ಫೋನಿನಲ್ಲಿ ಮಾತಾಡಿದೆ. ಅದನ್ನು ಸೋರಿಕೆ ಎಂದು ಯಾರೂ ಕರೆಯುವುದಿಲ್ಲ."

"ಆದರೆ ಶರಣ್..."

"ಅಟ್ಲಾಂಟಾದವರಿಗೆ ಹೆಸರು ಬೇಕಿತ್ತು, ಸಿಕ್ಕಿತು. ಪುನಃ ಬಾಗಿಲು ತೆಗೆದರೆ ಅವರು ಒಳಗೆ ಬರುತ್ತಾರೆ. ಮುಂದಿನ ತಿಂಗಳು ಯಾವ ಆಸ್ಪತ್ರೆ ಉಳಿಯಬೇಕು ಎಂದು ವಾಷಿಂಗ್ಟನ್‌ನಲ್ಲಿ ಕೂತು ನೋಡುತ್ತಾರೆ. ಮೇಲಿನ ಇಬ್ಬರೂ ನಂಬಿಕೆಗೆ ಅರ್ಹರಲ್ಲ ಎಂಬ ಆಸ್ಪತ್ರೆ ಅವರಿಗೆ ಮೊದಲು ಕಣ್ಣಿಗೆ ಬೀಳುತ್ತದೆ. ಆ ಹುಡುಗನಿಗೆ ಇನ್ನೂ ಚಿಕ್ಕ ವಯಸ್ಸು, ಬೇರೆ ಕೆಲಸ ಸಿಗುತ್ತದೆ. ನೀನು ಈ ದಿನ ಮನೆಗೆ ಹೋಗು."

ಹರಿಣಿ ಹೊರಗೆ ಬಂದಳು. ಕಾರು ಹೆದ್ದಾರಿಗೆ ಬಂದ ಮೇಲೆ ತನ್ನ ಮನಸ್ಸು ಹಗುರವಾಗಿರುವುದನ್ನು ಗಮನಿಸಿದಳು. ಹೇಳಬೇಕಾದವರಿಗೆ ಹೇಳಿದ್ದಾಯಿತು, ಅವರೇ ಬೇಡವೆಂದರು, ಇನ್ನು ತನ್ನದೇನಿದೆ? ಆ ಹಗುರ ಎಂಥದ್ದೆಂದು ಗೊತ್ತಾದಾಗ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಮನೆಯ ತಿರುವು ಬಂದರೂ ತಿರುಗಲಿಲ್ಲ. ಷಾರ್ಲೆಟ್‌ನ ಬ್ಯಾಲಂಟೈನ್‌ನಲ್ಲಿ ಶರಣ್ ಇರುವ ಅಪಾರ್ಟ್‌ಮೆಂಟಿನ ಕಡೆ ಹೋದಳು.

ಬಾಗಿಲು ತೆಗೆದವಳು ನಿಕಿತಾ. "ಬನ್ನಿ ಆಂಟಿ, ಬನ್ನಿ," ಎಂದು ಎರಡು ಕೈಯಲ್ಲೂ ಅವಳ ಕೈ ಹಿಡಿದು ಒಳಗೆ ಕರೆದಳು. "ನೀವೊಬ್ರಾದ್ರೂ ಬಂದ್ರಲ್ಲ. ಕನ್ನಡ ಸಂಘದೋರು ಯಾರೂ ಫೋನೂ ಮಾಡ್ತಿಲ್ಲ."

ಶರಣ್ ಅಂಗಿ ಇಸ್ತ್ರಿ ಮಾಡುತ್ತಿದ್ದವನು ಎದ್ದು ಬಂದ. ಗಡ್ಡ ಬಂದಿತ್ತು. "ಕೂತ್ಕೊಳಿ ಆಂಟಿ. ಕಾಫಿ?"

"ಬೇಡ ಕಣೋ. ಶರಣ್, ನೀನು ಮಾಡಿಲ್ಲ ಅಂತ ನಂಗೆ ಗೊತ್ತಾಯ್ತು."

"ಐ ನೋ," ಎಂದ. ಹೇಳಲೋ ಬೇಡವೋ ಎಂಬಂತೆ ಹೆಂಡತಿಯ ಮುಖ ನೋಡಿ ಮುಂದುವರಿಸಿದ. "ಆಂಟಿ, ಡೋಂಟ್ ಫೀಲ್ ಬ್ಯಾಡ್. ಸುದ್ದಿ ಹೇಗೆ ಹೊರಗೆ ಹೋಯ್ತು ಅಂತ ನಂಗೆ ಗೊತ್ತಿತ್ತು. ಲಾಬಿಲಿ ನಿಮ್ಮ ಮಾತು ಎಲ್ರಿಗೂ ಕೇಳ್ತಿತ್ತು. ಆ ಓಲ್ಡ್ ಮ್ಯಾನ್ ಒಂದಿನ ನನ್ನ ಹಿಡ್ಕೊಂಡು, ಅವ್ರು ಹೇಳೋ 'ಅಂತೆ' ಅಂದ್ರೇನು, ಶೂರ್ ಅಂತಾನಾ, ಮೇಬಿ ಅಂತಾನಾ ಅಂತ ಕೇಳ್ದ. ನಂಗೊತ್ತಿಲ್ಲ ಅಂದ್ಬಿಟ್ಟೆ."

"ಮತ್ತೆ ನಂಗೆ ಯಾಕೋ ಹೇಳ್ಲಿಲ್ಲ?"

"ಎರಡು ಸಲ ನಿಮ್ಮ ಆಫೀಸ್ ಹತ್ರ ಬಂದೆ. ನೀವು ಎಲ್ಡರ್. ಹೇಗೆ ಹೇಳೋದು, ನಿಮ್ಗೆ ಎಂಬ್ಯಾರಸ್ ಆಗತ್ತೆ ಅಂತ ವಾಪಸ್ ಹೋದೆ."

ಹರಿಣಿ ಸೋಫಾದ ಅಂಚಿಗೆ ಕೂತಳು. ನಿಕಿತಾ ಪಕ್ಕದಲ್ಲೇ ಕೂತು ಹೇಳಿದಳು: "ಅಟ್ಲಾಂಟಾದೋರು ಇವನ್ನ ಕೇಳಿದ್ರಂತೆ ಆಂಟಿ, ನೀನಲ್ದೇ ಇದ್ರೆ ಮತ್ಯಾರು, ಹೆಸರು ಹೇಳಿದ್ರೆ ಬಿಡ್ತೀವಿ ಅಂತ. ಇವನು ಬಾಯಿ ಬಿಡ್ಲಿಲ್ಲ. ನಾನು ರಾತ್ರಿ ಎಲ್ಲಾ ಜಗಳ ಆಡ್ದೆ. ಅದಕ್ಕೆ ಏನಂದ ಗೊತ್ತಾ? ಆಂಟಿ ಇವತ್ತು ನನ್ನ ಜಾಗದಲ್ಲಿ ಇದ್ದಿದ್ರೆ ನನ್ನ ಹೆಸರು ಹೇಳ್ತಿದ್ರಾ, ಅಂದ."

ಕೋಣೆಯಲ್ಲಿ ಇಸ್ತ್ರಿಪೆಟ್ಟಿಗೆ ಬಿಸಿಯಾಗಿ ಅದರ ದೀಪ ಟಿಕ್ಕೆಂದು ಆರಿತು. ಈಗ ಸುಮ್ಮನಿದ್ದುಬಿಟ್ಟರೆ ಈ ಮನೆಯಲ್ಲಿ ತಾನು ಎಂದೆಂದಿಗೂ ಆಂಟಿಯಾಗಿ ಉಳಿಯುತ್ತೇನೆ ಎಂದು ಹರಿಣಿಗೆ ತಿಳಿಯಿತು. ಮುದುಕರು ಟೋಪಿ ಎತ್ತುತ್ತಾರೆ, ಡೈರೆಕ್ಟರ್ ಫೈಲು ಮುಚ್ಚುತ್ತಾಳೆ, ಇವರಿಬ್ಬರು ಕೈ ಹಿಡಿದು ಒಳಗೆ ಕರೆಯುತ್ತಾರೆ. ಲೋಕವೇ ಸೇರಿ ಅವಳ ತಪ್ಪನ್ನು ಮುಚ್ಚಿಡಲು ನಿಂತಿತ್ತು.

"ಹೇಳಿದ್ದು ನಾನೇ," ಎಂದಳು. "ನಿನ್ನ ಹೆಸರು ಕೊಟ್ಟಿದ್ದು ನಾನು ಶರಣ್. ಕನ್ನಡ ಬರೋನು ನೀನೊಬ್ನೇ ಅಂತ. ಚಾಪೆಲ್ ಸುಳ್ಳು ಹೇಳಿ ನಿಂಗೆ ಬಲೆ ಹಾಕಿದ್ದೂ ನಾನೇ."

ನಿಕಿತಾ ಸೋಫಾದಿಂದ ಎದ್ದು ಗಂಡನ ಪಕ್ಕಕ್ಕೆ ಹೋಗಿ ನಿಂತಳು. ಅವನ ಮುಖದಲ್ಲಿ ಸಿಟ್ಟು ಬಂದಿದ್ದರೆ ಹರಿಣಿಗೆ ಎಷ್ಟೋ ವಾಸಿಯಾಗುತ್ತಿತ್ತು. ಅವನು ಲೆಕ್ಕ ತಪ್ಪಿದವನ ಹಾಗೆ ಒಂದೊಂದನ್ನೂ ಮನಸ್ಸಿನಲ್ಲಿ ಹಿಂದಿನಿಂದ ನೋಡಿಕೊಂಡು ಬರುತ್ತಿದ್ದ: ಯುಗಾದಿ ಊಟ, ಕಾಫಿ ಸಾಲು, ಕಾರಿಡಾರ್.

"ಇನ್ನೂ ತಡ ಆಗಿಲ್ಲ," ಹರಿಣಿ ಅವಸರ ಅವಸರವಾಗಿ ಹೇಳಿದಳು. "ನೀನು ಅಪೀಲ್ ಮಾಡು. ನನ್ನ ಹೆಸರು ಹೇಳು, ನಾನೇನೂ ಅಂದ್ಕೊಳಲ್ಲ. ಆ ವೆಟರನ್ಸ್ ನಾಲ್ಕು ಜನ ಸಾಕ್ಷಿ ಇದಾರೆ."

"ನಾನ್ಯಾಕೆ ಹೇಳ್ಬೇಕು ಮೇಡಮ್?" ಎಂದ ಶರಣ್.

ಅವನು ಅವಳನ್ನು ಹಾಗೆ ಕರೆದದ್ದು ಅದೇ ಮೊದಲು. ದನಿ ಏರಿಸಿರಲಿಲ್ಲ. "ಲಾಬಿಲಿ ಹೇಳಿದ್ದು ನೀವು. ನನ್ನ ಹೆಸರು ಕೊಟ್ಟಿದ್ದೂ ನೀವು. ಈಗ ನಿಮ್ಮ ಹೆಸರು ಕೊಟ್ಟ ಕೆಟ್ಟವನೂ ನಾನೇ ಆಗ್ಬೇಕಾ?"

ಹರಿಣಿ ಕೂತಲ್ಲಿಂದ ಎದ್ದಳು. ಒಂದು ಕ್ಷಣ ಏನಾದರೂ ಸಮಜಾಯಿಷಿ ಸಿಗುತ್ತದೇನೋ ಎಂದು ಒಳಗೆಲ್ಲ ತಡಕಾಡಿದಳು. ವಿಟ್ಲಾಕ್ ಬೇಡವೆಂದಳು, ಆಸ್ಪತ್ರೆ ಉಳಿಯಬೇಕು, ಓಡೆಲ್‌ಗೆ ಅರವತ್ತು ಮೈಲಿ. ಎಲ್ಲವೂ ನಿಜವೇ, ಯಾವುದೂ ಉಪಯೋಗಕ್ಕೆ ಬರುವ ಹಾಗಿರಲಿಲ್ಲ. ಪರ್ಸಿನಿಂದ ಫೋನ್ ತೆಗೆದಳು. ಅಟ್ಲಾಂಟಾದ ಅಧಿಕಾರಿಯ ನಂಬರ್ ಹುಡುಕಿ ಒತ್ತಿದಳು. ಹೊರಗೆ ಹೋಗಿ ಮಾತಾಡೋಣ ಎಂದು ಬಾಗಿಲ ಕಡೆ ಕಾಲೆತ್ತಿದವಳು, ನಿಂತಳು. ಫೋನನ್ನು ಸ್ಪೀಕರ್‌ಗೆ ಹಾಕಿ ಟೀಪಾಯಿಯ ಮೇಲಿಟ್ಟಳು.

ಆ ಕಡೆಯಿಂದ ಗಂಡಸಿನ ದನಿ ಯಾರೆಂದು ಕೇಳಿತು. ಹರಿಣಿ ಹೆಸರು ಹೇಳಿದಳು, ಹುದ್ದೆ ಹೇಳಿದಳು. ಇಷ್ಟು ದೊಡ್ಡ ಗಂಟಲಿನ ಹೆಂಗಸಿಗೆ ಮುಂದಿನ ಮಾತು ಹೊರಡಲು ಹೊತ್ತು ಹಿಡಿಯಿತು. ಹೊರಟ ಮೇಲೆ ಒಂದು ಕನ್ನಡದ ಮಾತೂ ಬೆರೆಯದ ಇಂಗ್ಲಿಷಿನಲ್ಲಿ, ಮೊದಲಿನಿಂದ ಹೇಳತೊಡಗಿದಳು. ನಿಕಿತಾ ಒಳಗೆ ಹೋದಳು. ಶರಣ್ ಹೋಗಲಿಲ್ಲ. ಅವಳು ಪೂರ್ತಿ ಹೇಳುತ್ತಾಳೋ, ನಡುವೆ ಎಲ್ಲಾದರೂ ಬಿಡುತ್ತಾಳೋ ಎಂದು ಅವಳ ಮುಖವನ್ನೇ ನೋಡುತ್ತಾ ನಿಂತಿದ್ದ.